ಪೆನ್ಶನ್ ಪೇಪರ್ ಮಾಡ್ಸೋಕೆ ಅಂತ ಹೋದ ಕಾರವಾರದ ಟೈಪಿಂಗ್ ಅಂಗಡಿ ಬಗ್ಗೆ

ಮನೇಲಿ ಯಾರಾದ್ರೂ ಸರ್ಕಾರಿ ನೌಕರಿಯಲ್ಲಿದ್ದು ವಾಸಿಯಾಗದ ಕಾಯಿಲೆ ಬಿದ್ದಿದ್ರೆ ಇದನ್ನ ಪೂರ್ತಿ ಓದಿ, ಉದ್ದ ಆಗತ್ತೆ, ಆದ್ರೂ ಓದಿ. ಅಂಗಡಿ ಹೆಸರು ಹಾಕ್ತಾ ಇಲ್ಲ ಎಂತಕ್ಕಂದ್ರೆ ಅವರೇ ಬೇಡ ಅಂದ್ರು. ಬೋರ್ಡ್ ಮೇಲೆ ಜೆರಾಕ್ಸ್, ಡಿಟಿಪಿ, ಲ್ಯಾಮಿನೇಶನ್ ಅಂತ ಮಾತ್ರ ಇದೆ, ಕಾರವಾರದಲ್ಲಿ ಡಿಸಿ ಆಫೀಸ್ ಕಡೆ ಯಾರ ಹತ್ರ ಆದ್ರೂ ಪೆನ್ಶನ್ ಪೇಪರ್ ಮಾಡೋ ಹೆಡ್‌ಕ್ಲಾರ್ಕ್ ಎಲ್ಲಿ ಅಂತ ಕೇಳಿ, ತೋರಿಸ್ತಾರೆ. ಖಜಾನೆಯಲ್ಲಿ ಹೆಡ್‌ಕ್ಲಾರ್ಕ್ ಆಗಿ ರಿಟೈರ್ ಆದವರು, ಮಗನ ಜೆರಾಕ್ಸ್ ಅಂಗಡಿಯ ಒಳಗಡೆ ಒಂದು ಟೇಬಲ್ ಹಾಕ್ಕೊಂಡು ಕೂತಿರ್ತಾರೆ.

ನಮ್ಮನೆಯವರು ಪ್ರಾಥಮಿಕ ಶಾಲೆ ಮಾಸ್ತರ್ರು, ನಾವು ಕುಮಟಾ ಕಡೆಯವರು. 2004ರ ಡಿಸೆಂಬರ್‌ನಲ್ಲಿ ಕೆಲಸಕ್ಕೆ ಸೇರಿದ್ದು. 2021ರಲ್ಲಿ ಪಾರ್ಕಿನ್ಸನ್ ಅನ್ನೋ ನರದ ಕಾಯಿಲೆ ಅಂತ ಗೊತ್ತಾಯ್ತು, ಆಗ ಇನ್ನೂ 50 ದಾಟಿರಲಿಲ್ಲ. ಮೊದಲು ಗೊತ್ತಾಗಿದ್ದು ನಮಗಲ್ಲ, ಶಾಲೆ ಮಕ್ಕಳಿಗೆ. ಬೋರ್ಡ್ ಮೇಲೆ ಬರೀತಾ ಬರೀತಾ ಸಾಲಿನ ಕೊನೆಗೆ ಬರೋ ಹೊತ್ತಿಗೆ ಅಕ್ಷರ ಸಣ್ಣ ಆಗ್ತಾ ಆಗ್ತಾ ಓದೋಕೇ ಬರದಂಗೆ ಆಗ್ತಿತ್ತಂತೆ, ಹಿಂದಿನ ಬೆಂಚಿನ ಹುಡುಗಿ ಒಬ್ಬಳು ಸರ್ ಕಾಣೋದಿಲ್ಲ ದೊಡ್ಡದಾಗಿ ಬರೀರಿ ಅಂದ್ಲಂತೆ. ದೊಡ್ಡದಾಗಿ ಬರೀಬೇಕು ಅಂತ ಎಷ್ಟು ಮನಸು ಮಾಡಿದ್ರೂ ಕೈ ಕೇಳ್ತಿರಲಿಲ್ಲ. ಆಮೇಲೆ ಮಾತು ಮೆಲ್ಲಗಾಯ್ತು. 40 ಮಕ್ಕಳ ಕ್ಲಾಸಲ್ಲಿ ಮಾಸ್ತರ್ರ ಮಾತು ಮೂರನೇ ಬೆಂಚಿಗೂ ಕೇಳದಿದ್ರೆ ಪಾಠ ಹೇಗೆ ಮಾಡೋದು ಹೇಳಿ.

2024ರ ಮಾರ್ಚ್‌ನಲ್ಲಿ ಅವರು ಒಂದು ದಿನ ಮನೆಗೆ ಬಂದು ನಾನು ಬಿಡ್ತೆ ಅಂದ್ರು. ಮಕ್ಕಳಿಗೆ ಮೋಸ ಆಗ್ತಿದೆ, ಸಂಬಳ ತಗೊಳ್ಳೋಕೆ ಮನಸು ಬರೋದಿಲ್ಲ ಅಂತ. ಒಂದು ಹಾಳೆಯಲ್ಲಿ ರಾಜೀನಾಮೆ ಬರೆದೂ ಇಟ್ಟಿದ್ರು. ಜೊತೆಗಿದ್ದ ಒಬ್ರು ಹಂಗೇ ಕೊಡಿ, ಕಾಯಿಲೆ ಅಂತ ಬರೀರಿ, ಪೆನ್ಶನ್ ತಾನಾಗೇ ಆಗತ್ತೆ ಅಂದಿದ್ರಂತೆ. ಆ ಪತ್ರ ಟೈಪ್ ಮಾಡ್ಸಿ ಪೆನ್ಶನ್ ಪೇಪರ್ ಏನೇನು ಬೇಕು ಅಂತ ಕೇಳ್ಕೊಂಡು ಬರೋಣ ಅಂತ ನಾವು ಕಾರವಾರಕ್ಕೆ ಹೋಗಿದ್ದು.

ಹೆಡ್‌ಕ್ಲಾರ್ಕ್ ಆ ಹಾಳೆ ಎರಡು ಸಲ ಓದಿದ್ರು, ಮಡಚಿ ಡ್ರಾಯರ್ ಒಳಗೆ ಹಾಕಿ ಬೀಗ ಹಾಕ್ಬಿಟ್ರು. "ತಂಗೀ, ಇದನ್ನ ನಾನು ಟೈಪ್ ಮಾಡೂದಿಲ್ಲ. ರಾಜೀನಾಮೆ ಅಂದ್ರೆ ಹಿಂದಿನ 19 ವರ್ಷದ ಸರ್ವಿಸ್ ಪೂರ್ತಿ ಹೋಯ್ತು. ಪೆನ್ಶನ್ ಇಲ್ಲ, ಗ್ರಾಚ್ಯುಟಿ ಇಲ್ಲ. ಕಾಯಿಲೆ ಅಂತ ಬರೆದ್ರೂ ಅದು ರಾಜೀನಾಮೆಯೇ." ನಂಗೆ ಕಾಲ ಕೆಳಗಿನ ನೆಲ ಕುಸಿದಂಗಾಯ್ತು. ಬೆಳಿಗ್ಗೆ ಆ ಹಾಳೆ ಸೀದಾ ಆಫೀಸಿಗೇ ಕೊಟ್ಟಿದ್ರೆ ಎಂತ ಗತಿ? ಇಬ್ರು ಮಕ್ಕಳು ಇನ್ನೂ ಓದ್ತಾ ಇದ್ದಾರೆ.

ಅವರು ನಮಗೆ ಹೇಳಿದ್ದನ್ನ ನನಗೆ ಅರ್ಥ ಆದ ಹಾಗೆ ಬರೀತೆ. ಕಾಯಿಲೆ ಬಿದ್ದ ರಾಜ್ಯ ಸರ್ಕಾರಿ ನೌಕರನಿಗೆ ಬೇರೆ ಬೇರೆ ದಾರಿ ಇವೆ, ಜನ ಎಲ್ಲವನ್ನೂ ಸೇರಿಸಿ ಮೆಡಿಕಲ್ ರಿಟೈರ್‌ಮೆಂಟ್ ಅಂತಾರೆ, ಅಲ್ಲೇ ತಪ್ಪಾಗೋದು. ವಿಆರ್‌ಎಸ್ ಅಂದ್ರೆ 3 ತಿಂಗಳ ನೋಟಿಸ್ ಕೊಟ್ಟು ನಾವಾಗೇ ಬಿಡೋದು, ಸರ್ವಿಸ್ ಸಾಕಷ್ಟು ಆಗಿದ್ರೆ ಪೆನ್ಶನ್ ಬರತ್ತೆ, ಆದ್ರೆ ಕಾಯಿಲೆಯ ಮಾತು ಅದರಲ್ಲಿ ಇಲ್ಲ. ಇನ್‌ವ್ಯಾಲಿಡ್ ಪೆನ್ಶನ್ ಬೇರೆ. ಅದಕ್ಕೆ ಸರ್ಕಾರಿ ಡಾಕ್ಟರ್‌ಗಳ ಮೆಡಿಕಲ್ ಬೋರ್ಡ್ ಇವರು ಇನ್ನು ಸರ್ಕಾರಿ ಕೆಲಸಕ್ಕೆ ಶಾಶ್ವತವಾಗಿ ಅಸಮರ್ಥರು ಅಂತ ಬರೆದುಕೊಡಬೇಕು, ಪ್ರೈವೇಟ್ ಡಾಕ್ಟರ್ ಚೀಟಿ ನಡೆಯೋದಿಲ್ಲ, ನಾವೇ ಸೀದಾ ಬೋರ್ಡ್ ಮುಂದೆ ಹೋಗಿ ನಿಂತ್ಕೊಳ್ಳೋಕೂ ಬರೋದಿಲ್ಲ, ಆಫೀಸಿನ ಮುಖ್ಯಸ್ಥರೇ ಪತ್ರ ಬರೆದು ಕಳಿಸಬೇಕು. ಪೆನ್ಶನ್ ಲೆಕ್ಕ ಕೊನೆಯ ಬೇಸಿಕ್ ಮೇಲೆ, ಪೂರ್ತಿ ಸರ್ವಿಸ್ ಆಗಿದ್ರೆ ಬೇಸಿಕ್‌ನ ಅರ್ಧ, ಇಲ್ದಿದ್ರೆ ಆದಷ್ಟು ವರ್ಷದ ಲೆಕ್ಕದಲ್ಲಿ ಕಡಿಮೆ ಆಗತ್ತೆ. ನಾವು ಹೋಗಿ ಬಂದ ಮೇಲೆ, 7ನೇ ವೇತನ ಆಯೋಗದ ಪ್ರಕಾರ 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ ಕನಿಷ್ಠ ಬೇಸಿಕ್ 27,000, ಕನಿಷ್ಠ ಪೆನ್ಶನ್ 13,500 ಆಗಿದೆ. ಕನಿಷ್ಠಕ್ಕಿಂತ ಹೆಚ್ಚೇ ಬಂದ್ರೂ 19 ವರ್ಷದ ಮಾಸ್ತರ್ರಿಗೆ ಕೈಗೆ ಸಿಗೋದು ಈಗಿನ ಸಂಬಳದ ಎಷ್ಟು ಸಣ್ಣ ಭಾಗ ಅಂತ ಒಂದು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಪೆನ್ಸಿಲಲ್ಲಿ ಲೆಕ್ಕ ಹಾಕಿ ತೋರಿಸಿದ್ರು.

ಆಮೇಲೆ ಕೇಳಿದ್ರು, "ಮಾಸ್ತರ್ರೇ, ನಿಮಗೆ ಕೆಲಸ ಮಾಡೂಕೇ ಆಗೂದಿಲ್ವೋ, ಇಲ್ಲಾ ಪಾಠ ಮಾಡೂಕೆ ಆಗೂದಿಲ್ವೋ?"

ಇಷ್ಟು ದಿನ ಈ ಪ್ರಶ್ನೆ ನಮ್ಮನ್ನ ಯಾರೂ ಕೇಳಿರಲಿಲ್ಲ. ಇವರು ಸ್ವಲ್ಪ ಹೊತ್ತು ಸುಮ್ನಿದ್ದು, ಪಾಠ ಆಗೂದಿಲ್ಲ, ಕೂತು ಮಾಡೋ ಕೆಲಸ ಆಗಬಹುದು, ಕಂಪ್ಯೂಟರ್‌ನಲ್ಲಿ ನಿಧಾನಕ್ಕೆ ಟೈಪ್ ಮಾಡ್ತೆ ಅಂದ್ರು.

ಹಾಗಾದ್ರೆ ಇನ್‌ವ್ಯಾಲಿಡ್ ಪೆನ್ಶನ್ ಈಗಲೇ ಬೇಡ ಅಂತ ಅವರು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತೆಗೆದ್ರು. ಪುಸ್ತಕ ಅಲ್ಲ, ಲ್ಯಾಮಿನೇಟ್ ಮಾಡಿಟ್ಟ ಒಂದು ಹಾಳೆ, 20ನೇ ಸೆಕ್ಷನ್‌ನ 4ನೇ ಉಪಸೆಕ್ಷನ್. ನೌಕರಿಯಲ್ಲಿ ಇರೋವಾಗ ಅಂಗವೈಕಲ್ಯ ಬಂದವರನ್ನ ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯೋ ಹಾಗಿಲ್ಲ, ದರ್ಜೆ ಇಳಿಸೋ ಹಾಗಿಲ್ಲ. ಇದ್ದ ಕೆಲಸ ಆಗದಿದ್ರೆ ಅದೇ ವೇತನ ಶ್ರೇಣಿ, ಅದೇ ಸವಲತ್ತು ಇಟ್ಟು ಬೇರೆ ಹುದ್ದೆಗೆ ಹಾಕಬೇಕು. ಹುದ್ದೆ ಖಾಲಿ ಇಲ್ದಿದ್ರೆ ಹೆಚ್ಚುವರಿ ಹುದ್ದೆ ಮಾಡಿ ಇಟ್ಕೋಬೇಕು, ಸರಿಯಾದ ಹುದ್ದೆ ಸಿಗೋ ತನಕ ಅಥವಾ ನಿವೃತ್ತಿ ವಯಸ್ಸಿನ ತನಕ. ರಾಜ್ಯದಲ್ಲಿ ಅದು 60. ಹಳೇ ಕಾಯ್ದೆಯಲ್ಲಿ ಅಂಗವೈಕಲ್ಯ ಅಂತ ಗುರುತಿಸಿದ್ದು 7 ಇದ್ವು, ಇದ್ರಲ್ಲಿ 21 ಇವೆ, ಪಾರ್ಕಿನ್ಸನ್ ಕೂಡ ಇದೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ, ತಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಇವೆ. ಇದೇ ನಿಯಮ 1995ರ ಹಳೇ ಕಾಯ್ದೆಯ 47ನೇ ಸೆಕ್ಷನ್‌ನಲ್ಲೂ ಇತ್ತಂತೆ. ಕುನಾಲ್ ಸಿಂಗ್ ಅಂತ ಒಬ್ರು ಎಸ್‌ಎಸ್‌ಬಿ ಅನ್ನೋ ಕೇಂದ್ರದ ಪಡೆಯ ಕಾನ್‌ಸ್ಟೇಬಲ್, ಕಾಲು ಹೋಗಿ ಇನ್‌ವ್ಯಾಲಿಡ್ ಪೆನ್ಶನ್ ಕೊಟ್ಟು ಕಳಿಸಿದ್ರು, 2003ರಲ್ಲಿ ಸುಪ್ರೀಂ ಕೋರ್ಟ್ ಪೆನ್ಶನ್ ಕೊಟ್ಟ ಮಾತ್ರಕ್ಕೆ ಈ ರಕ್ಷಣೆ ಹೋಗೋದಿಲ್ಲ, ಬೇರೆ ಕೆಲಸಕ್ಕೆ ಇಟ್ಕೊಳ್ಳಿ ಅಂತ ತೀರ್ಪು ಕೊಟ್ಟಿತು. ಈ ಕೇಸನ್ನ ಅರ್ಜಿಯಲ್ಲಿ ಹಾಕ್ಲೇಬೇಕು ಅಂತ ಹೇಳಿ ಹಾಕಿದ್ರು.

ಇನ್ನೊಂದು ವಿಷಯ ಅವರು ಹೇಳದೇ ಇದ್ದಿದ್ರೆ ನಮಗೆ ಹೊಳೀತಲೇ ಇರಲಿಲ್ಲ. ಜ್ಯೋತಿ ಸಂಜೀವಿನಿ ಅನ್ನೋ ಸರ್ಕಾರಿ ಚಿಕಿತ್ಸಾ ಸೌಲಭ್ಯ ಇದ್ದಿದ್ದು ಸೇವೆಯಲ್ಲಿ ಇರೋ ನೌಕರರಿಗೆ, ಪೆನ್ಶನರ್‌ಗೆ ಅಲ್ಲ. ಕಾಯಿಲೆ ಬಂತು ಅಂತ ನೌಕರಿ ಬಿಟ್ರೆ ಕಾಯಿಲೆಗೆ ಇದ್ದ ಆಸರೆಯೇ ಹೋಗತ್ತೆ. ನರರೋಗದ ಚಿಕಿತ್ಸೆ ಅದ್ರಲ್ಲಿ ಇತ್ತು. ನಮ್ಮ ಜಿಲ್ಲೆಯವರಿಗಂತೂ ನರದ ಡಾಕ್ಟರ್ ಅಂದ್ರೆ ಹುಬ್ಬಳ್ಳಿ, ಮಣಿಪಾಲ, ಇಲ್ಲಾ ಗೋವಾ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಉತ್ತರ ಕನ್ನಡದ ಜನ ಎಷ್ಟು ಸಲ ಬೀದಿಗೆ ಇಳಿದ್ರು ಅಂತ ನಿಮಗೂ ಗೊತ್ತು. ಬಸ್ ಚಾರ್ಜು, ಜೊತೆಗೆ ಹೋಗೋವ್ರ ಒಂದು ದಿನದ ದುಡಿಮೆ, ಎಲ್ಲಾ ಸೇರಿದ್ರೆ ಮಾತ್ರೆಗಿಂತ ಓಡಾಟವೇ ಹೆಚ್ಚು.

ಹಾಂಗಾಗಿ ತೀರ್ಮಾನ ಆಗಿದ್ದು ಹೀಗೆ. ಮೊದಲು ಅಂಗವೈಕಲ್ಯದ ಸರ್ಟಿಫಿಕೇಟು, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು. ಅದ್ರ ಮೇಲೆ 20(4) ಪ್ರಕಾರ ಬೇರೆ ಹುದ್ದೆಗೆ ಅರ್ಜಿ. ಅಲ್ಲಿ ತನಕ ರಜೆ. ರಜೆ ವಿಷಯದಲ್ಲಿ ಅವರಿಗೆ ಇರೋ ಹಿಡಿತ ನೋಡ್ಬೇಕು. ಮಾಸ್ತರ್ರಿಗೆ ಬೇಸಿಗೆ ರಜೆ ಇರತ್ತೆ ಅಂತ ಗಳಿಕೆ ರಜೆ ಕಡಿಮೆ, ಆದ್ರೆ ಅರ್ಧ ವೇತನ ರಜೆ ವರ್ಷಕ್ಕೆ 20 ದಿನ ಜಮಾ ಆಗ್ತಾನೇ ಇರತ್ತೆ, ಅದನ್ನ ಯಾರೂ ನೋಡೋದೇ ಇಲ್ಲ. 19 ವರ್ಷಕ್ಕೆ 380 ದಿನ. ಇವರು ಮೊದಲು 40 ದಿನ ತಗೊಂಡಿದ್ರು, ಉಳಿದಿದ್ದು 340. ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟು ಪರಿವರ್ತಿತ ರಜೆ ಮಾಡ್ಕೊಂಡ್ರೆ 340 ದಿನ ಖರ್ಚಾಗಿ 170 ದಿನ ಪೂರ್ತಿ ಸಂಬಳದ ರಜೆ. ಆದ್ರೆ ಮತ್ತೆ ಡ್ಯೂಟಿಗೆ ಬರೋ ಸಾಧ್ಯತೆ ಇದೆ ಅಂತ ಇದ್ರೆ ಮಾತ್ರ ಇದು ಸಿಗೋದು. ರಜೆ ಅರ್ಜಿಯಲ್ಲಿ ಇನ್ನು ನನ್ನಿಂದ ಆಗೋದಿಲ್ಲ ಅಂತೆಲ್ಲ ದುಃಖದಲ್ಲಿ ಬರೆದುಬಿಟ್ರೆ ಅದೇ ಅಡ್ಡ ಬರತ್ತೆ, ಅಷ್ಟನ್ನೂ ಅವರು ನೋಡ್ತಾರೆ.

ಈಗ ಸಹಿ ವಿಷಯ. ಹಾಜರಿ ಪುಸ್ತಕದ ಜೆರಾಕ್ಸ್ ತನ್ನಿ ಅಂದ್ರು, ತಂದ್ವಿ. 2004, 2015, 2021, 2024 ಹೀಗೆ ನಾಲ್ಕು ವರ್ಷದ ನಾಲ್ಕು ಸಹಿ ಕತ್ತರಿಸಿ ಒಂದೇ ಹಾಳೆ ಮೇಲೆ ಒಂದರ ಕೆಳಗೆ ಒಂದು ಅಂಟಿಸಿದ್ರು. ಮೊದಲನೇದು ಕಾಲಂ ದಾಟಿ ಪಕ್ಕದ ಮನೆಗೆ ಹೋಗಿದೆ, ಕೊನೇ ಅಕ್ಷರದ ಬಾಲ ಎಷ್ಟು ಉದ್ದ. ಎರಡನೇದು ಕಾಲಂ ಒಳಗಿದೆ. ಮೂರನೇದು ಅದರ ಅರ್ಧ. ನಾಲ್ಕನೇದು ಒಂದು ಅಕ್ಕಿಕಾಳು ಉದ್ದ, ನಡುಗಿ ನಡುಗಿ ಗೀಚಿದ ಗೆರೆ ಅಷ್ಟೇ. ದಿನಾ ಜೊತೆಗಿದ್ದ ನನಗೇ ಇಷ್ಟು ಅಂತ ಗೊತ್ತಿರಲಿಲ್ಲ. ನಮ್ಮನೆಯವರು ಆ ಹಾಳೆ ನೋಡಿ ಮುಖ ಆಚೆ ತಿರುಗಿಸಿದ್ರು. ಇದನ್ನ ಸರ್ಟಿಫಿಕೇಟ್ ಕೊಡೋ ಬೋರ್ಡಿನವರಿಗೆ ಕೊಡಿ, ನೀವು ಬಾಯಲ್ಲಿ ಹೇಳೋದಕ್ಕಿಂತ ಇದು ಬೇಗ ಅರ್ಥ ಆಗತ್ತೆ ಅಂದ್ರು ಹೆಡ್‌ಕ್ಲಾರ್ಕ್. ಮುಂದೆ ಯಾವತ್ತಾದ್ರೂ ಪೆನ್ಶನ್ ಪೇಪರ್‌ಗೆ ಮಾದರಿ ಸಹಿ ಹಾಕುವಾಗ ಹಳೇ ಸಹಿಗೂ ಹೊಸ ಸಹಿಗೂ ತಾಳೆ ಆಗದೇ ಹೋದ್ರೆ ಎಡಗೈ ಹೆಬ್ಬೆಟ್ಟು ಹಾಕಿ ಅಧಿಕಾರಿ ಕೈಲಿ ದೃಢೀಕರಿಸೋಕೆ ಬರತ್ತೆ, ಮಾಸ್ತರ್ ಆಗಿ ಹೆಬ್ಬೆಟ್ಟಾ ಅಂತ ನಾಚ್ಕೋಬೇಡಿ ಅಂತಲೂ ಹೇಳಿದ್ರು.

ಪಾರ್ಕಿನ್ಸನ್ ಇರೋ ಮನೆಯವರು ಇದನ್ನ ಗಮನವಿಟ್ಟು ಓದಿ. ಲೆವೊಡೋಪಾ ಮಾತ್ರೆ ತಗೊಂಡು ಮುಕ್ಕಾಲು ಗಂಟೆ ಆದ್ಮೇಲೆ ಇವರು ಆರಾಮ್ ಮನುಷ್ಯ, ನಡೀತಾರೆ, ನಗ್ತಾರೆ. ಅದರ ಬಲ ಇಳಿದ ಮೇಲೆ ಹೊಸ್ತಿಲು ದಾಟೋಕೆ ಕಾಲೇ ಏಳೋದಿಲ್ಲ, ನೆಲಕ್ಕೆ ಅಂಟಿದಂಗೆ. ನಾವು ಬೋರ್ಡ್ ಇದೆ ಅಂತ ಚೆನ್ನಾಗಿ ಕಾಣ್ಲಿ ಅಂತ ಸರಿಯಾದ ಹೊತ್ತಿಗೆ ಮಾತ್ರೆ ಕೊಟ್ಟು ಕರ್ಕೊಂಡು ಹೋಗೋವ್ರು ಇದ್ವಿ! ಹೆಡ್‌ಕ್ಲಾರ್ಕ್ ಮಾತ್ರೆ ತಪ್ಪಿಸಿ ಅಂತ ಹೇಳಲಿಲ್ಲ, ಅದು ತಪ್ಪು, ಹಾಗೆ ಯಾರೂ ಮಾಡಬೇಡಿ. 15 ದಿನದ ಒಂದು ನೋಟ್‌ಬುಕ್ ಬರೀರಿ ಅಂದ್ರು. ನಾನು ಬರೆದೆ. 6 ಗಂಟೆ ಮಾತ್ರೆ, 6.45 ಕೈ ಸಡಿಲ, 9.30 ಬಚ್ಚಲ ಬಾಗಿಲಲ್ಲಿ ನಿಂತುಬಿಟ್ರು 4 ನಿಮಿಷ, ಮಧ್ಯಾಹ್ನ ಮೀನುಸಾರು ಊಟದ ಜೊತೆಗೇ ಮಾತ್ರೆ ತಗೊಂಡ ದಿನ ಮಾತ್ರೆ ಹಿಡೀಲೇ ಇಲ್ಲ. ಈ ಕೊನೇದನ್ನ ನೋಡಿ ನರದ ಡಾಕ್ಟರ್ ಮೀನು, ಮೊಟ್ಟೆ, ಬೇಳೆಯಂಥ ಪ್ರೋಟೀನ್ ಈ ಮಾತ್ರೆ ಹೀರೋದಕ್ಕೆ ಅಡ್ಡ ಬರತ್ತೆ, ಊಟಕ್ಕೆ ಮುಂಚೆ ತಗೊಳ್ಳಿ ಅಂತ ಹೊತ್ತು ಬದಲಾಯಿಸಿ ಕೊಟ್ರು. ಪೇಪರ್‌ಗೆ ಅಂತ ಬರೆದ ನೋಟ್‌ಬುಕ್ ಔಷಧಿಗೂ ಉಪಯೋಗ ಆಯ್ತು. ಸರ್ಟಿಫಿಕೇಟ್‌ಗೆ ಹೋದಾಗ ಅಲ್ಲಿನ ಡಾಕ್ಟರ್ರೂ ಅದನ್ನ ತಾಳ್ಮೆಯಿಂದ ಓದಿದ್ರು, ಅವರಿಗೆ ನಾನು ಋಣಿ.

ಸರ್ಟಿಫಿಕೇಟ್‌ಗೆ ಹೋಗೋ ತಾರೀಕು ಸಿಕ್ಕಿದ್ದೂ ಒಂದು ಕಥೆ. ಮೊದಲು ನಿಗದಿ ಆಗಿದ್ದು 2024ರ ಜುಲೈ ಮೂರನೇ ವಾರ. 16ಕ್ಕೆ ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯ್ತು, ಎಷ್ಟು ಜೀವ ಹೋಯ್ತು, ಆ ದಿನಗಳಲ್ಲಿ ನಮ್ಮ ಸರ್ಟಿಫಿಕೇಟಿನ ಮಾತು ಎತ್ತೋಕೂ ಮನಸು ಬರಲಿಲ್ಲ. ಮುಂದಿನ ತಿಂಗಳು ಹೋದ್ವಿ.

ಅಂಗಡಿಯ ಬೆಂಚ್ ಮೇಲೆ ಕಾಯುವಾಗ ಬೇರೆಯವರ ಮಾತೂ ಕೇಳ್ತಿದ್ದೆ. ಒಬ್ರು ಇಲಾಖೆ ಡ್ರೈವರ್ ಹೆಂಡತಿ ಬಂದಿದ್ರು, ಗಂಡನಿಗೆ ಎರಡೂ ಕಿಡ್ನಿ ಹೋಗಿ ವಾರಕ್ಕೆ ಮೂರು ಸಲ ಡಯಾಲಿಸಿಸ್. ಕಿಡ್ನಿ ಕಾಯಿಲೆ ಆ 21ರ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಹೆಡ್‌ಕ್ಲಾರ್ಕ್ ಅವರಿಗೆ ಬೇರೆ ದಾರಿ ಹೇಳಿದ್ರು, ಮೆಡಿಕಲ್ ಬೋರ್ಡಿಗೇ ಹೋಗಬೇಕು, ಸರ್ಟಿಫಿಕೇಟ್ ಕೈಗೆ ಬಂದ ತಕ್ಷಣ ಅಲ್ಲೇ ನಿಂತು ಓದಿ, ಯಾವ ಕೆಲಸಕ್ಕೂ ಶಾಶ್ವತವಾಗಿ ಅಸಮರ್ಥ ಅಂತ ಇದ್ಯೋ, ಹಗುರ ಕೆಲಸ ಮಾಡಬಲ್ಲರು ಅಂತ ಇದ್ಯೋ, ಆ ಒಂದು ಸಾಲಿನ ಮೇಲೆ ಮುಂದಿನದೆಲ್ಲ ನಿಂತಿದೆ ಅಂದ್ರು. ಸರ್ವಿಸ್ 10 ವರ್ಷ ಆಗಿದ್ಯಾ ಅಂತ ಮೊದಲೇ ಕೇಳ್ಕೊಂಡ್ರು, ಆಗದಿದ್ರೆ ರಾಜ್ಯದ ನಿಯಮದಲ್ಲಿ ತಿಂಗಳ ಪೆನ್ಶನ್ ಬದಲು ಒಂದು ಸಲದ ಗ್ರಾಚ್ಯುಟಿ. ಅವರದ್ದು 22 ವರ್ಷ ಆಗಿತ್ತು, ಆ ಅಕ್ಕ ಅಲ್ಲೇ ಉಸಿರು ಬಿಟ್ರು. ಸೀಬರ್ಡ್ ನೌಕಾನೆಲೆಯಲ್ಲಿ ಸಿವಿಲಿಯನ್ ನೌಕರಿ ಮಾಡೋ ತಮ್ಮನ ಸಲುವಾಗಿ ಇನ್ನೊಬ್ರು ಬಂದಿದ್ರು, 7 ವರ್ಷದ ಸರ್ವಿಸ್. ಕೇಂದ್ರದವರಿಗೆ 2019ರ ಜನವರಿ 4ರಿಂದ 10 ವರ್ಷ ಆಗದಿದ್ರೂ ಇನ್‌ವ್ಯಾಲಿಡ್ ಪೆನ್ಶನ್ ಇದೆ, ಎನ್‌ಪಿಎಸ್ ಅನ್ನೋ ಹೊಸ ಪೆನ್ಶನ್ ಪದ್ಧತಿ ಇದ್ದವರಿಗೂ ಹೀಗೆ ಅಸಮರ್ಥರಾದ್ರೆ ಹಳೇ ರೀತಿ ಪೆನ್ಶನ್ ಆರಿಸ್ಕೊಳ್ಳೋಕೆ 2021ರ ನಿಯಮದಲ್ಲಿ ಅವಕಾಶ ಇದೆ, ಆಫೀಸಲ್ಲಿ ಆಪ್ಷನ್ ಫಾರ್ಮ್ ಏನು ಕೊಟ್ಟಿದ್ದಾರೆ ನೋಡಿ ಅಂತ ಹೇಳಿ, ಕೇಂದ್ರದ ಪೇಪರ್ ನಾನು ಮಾಡೂದಿಲ್ಲ, ದುಡ್ಡು ಬೇಡ ಅಂತ ಕಳಿಸಿಬಿಟ್ರು. ಗೊತ್ತಿಲ್ಲದ್ದನ್ನ ಮಾಡ್ತೆ ಅಂತ ದುಡ್ಡು ಇಸ್ಕೊಳ್ಳೋರೇ ಹೆಚ್ಚಿರೋ ಕಡೆ ಇದು ನನಗೆ ಬಹಳ ಹಿಡಿಸ್ತು.

ಅಂಗಡಿಯ ಕೊರತೆಯನ್ನೂ ಹೇಳ್ತೆ. ಟೈಪ್ ಮಾಡೋ ಹುಡುಗ ನಮ್ಮ ಅರ್ಜಿಯಲ್ಲಿ ಸೇರಿದ ವರ್ಷ 2004 ಬದಲು 2006 ಅಂತ ಹೊಡೆದುಬಿಟ್ಟಿದ್ದ. ಸಣ್ಣ ತಪ್ಪಲ್ಲ ಮಾರಾಯ್ರೆ, ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರು ಎನ್‌ಪಿಎಸ್, ಅದಕ್ಕಿಂತ ಮುಂಚಿನವರು ಹಳೇ ಪೆನ್ಶನ್. ನಾನು ಮನೆಗೆ ಬಂದು ಓದುವಾಗ ಕಂಡಿತು, ಮತ್ತೆ 70 ಕಿಲೋಮೀಟರ್ ಹತ್ರ ಬಸ್ಸಲ್ಲಿ ಹೋಗಿ ತಿದ್ದಿಸಿದೆ. ತಿದ್ದಿದ್ದಕ್ಕೆ ದುಡ್ಡು ತಗೊಳ್ಳಲಿಲ್ಲ, ಕ್ಷಮೆ ಕೇಳಿದ್ರು, ಆದ್ರೂ ಪ್ರತಿ ತಾರೀಕು ಅಲ್ಲೇ ಕೂತು ಓದಿ ನೋಡಿ. ಫೋನ್ ಎತ್ತೋದಿಲ್ಲ. ಸಂಜೆ 4 ಗಂಟೆ ಮೇಲೆ ಮಾತ್ರ ಸಿಗ್ತಾರೆ, ದೂರದಿಂದ ಬರೋವ್ರಿಗೆ ಬಹಳ ಕಷ್ಟ. ಎಲ್ಲಕ್ಕಿಂತ ದೊಡ್ಡ ತೊಂದ್ರೆ ಅಂಗಡಿ ಮುಂದಿನ ಮೂರು ಮೆಟ್ಟಿಲು, ಎತ್ತರ ಇವೆ, ಹಿಡ್ಕೊಳ್ಳೋಕೆ ಏನೂ ಇಲ್ಲ. ಬರೋವ್ರಲ್ಲಿ ಅರ್ಧ ಜನ ಕಾಯಿಲೆಯವರು, ವಯಸ್ಸಾದವರು, ಒಂದು ಕಬ್ಬಿಣದ ಪೈಪ್ ಹಾಕ್ಸಿ ಅಂತ ನಾನು ಮುಖಕ್ಕೇ ಹೇಳಿದ್ದೆ. ಇದಕ್ಕೇ ಒಂದು ಸ್ಟಾರ್ ಕಡಿಮೆ ಮಾಡಿದ್ದು. 5ಕ್ಕೆ 4.

ಅರ್ಜಿ ಕೊಟ್ಟ ಮೇಲಿನ ಕಥೆ ಅಂಗಡಿಯವರ ತಪ್ಪಲ್ಲ. ಒಂದು ಆಫೀಸಲ್ಲಿ ಅದು ಎರಡು ತಿಂಗಳು ಅಲುಗಾಡಲೇ ಇಲ್ಲ. ಹೋದಾಗೆಲ್ಲ ಸಾಹೇಬ್ರು ಮೀಟಿಂಗ್, ಇಲ್ಲಾ ಕೇಸ್ ವರ್ಕರ್ ರಜೆ. ಒಬ್ರಂತೂ ಆಗದಿದ್ರೆ ವಿಆರ್‌ಎಸ್ ತಗೊಳ್ಳಿ ಎಂತಕ್ಕೆ ಎಲ್ಲರಿಗೂ ತೊಂದ್ರೆ ಅಂತ ಇವರ ಎದುರಿಗೇ ಅಂದ್ರು. ಆ ರಾತ್ರಿ ಇವರು ಊಟ ಮಾಡಲಿಲ್ಲ. ಹೆಡ್‌ಕ್ಲಾರ್ಕ್ ಹತ್ರ ಹೇಳಿದ್ದಕ್ಕೆ ಅವರು ಸಿಟ್ಟು ಮಾಡದೇ ಎರಡನೇ ಅರ್ಜಿ ಬರೆದ್ರು. ಅದೇ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಪ್ರತಿ ಸರ್ಕಾರಿ ಸಂಸ್ಥೆಯಲ್ಲಿ ಕುಂದುಕೊರತೆ ಅಧಿಕಾರಿ ಇರಬೇಕು, ದೂರು ದಾಖಲಾದ 2 ವಾರದೊಳಗೆ ವಿಚಾರಣೆ ಮಾಡಬೇಕು. ಮೊದಲನೇ ಅರ್ಜಿಗೆ ನಾವು ಸ್ವೀಕೃತಿ ಸೀಲ್ ಹಾಕಿಸ್ಕೊಂಡಿದ್ವಿ, ಅದೂ ಅವರೇ ಹೇಳಿದ್ದು, ಅದರ ನಕಲು ಜೊತೆಗೆ ಲಗತ್ತಿಸಿ ರಿಜಿಸ್ಟರ್ ಪೋಸ್ಟ್ ಮಾಡಿದ್ವಿ. ಆಮೇಲೆ ಫೈಲು ನಡೀತು. ನವೆಂಬರ್ ಮೊದಲ ವಾರ ಆರ್ಡರ್ ಬಂತು, 170 ದಿನದ ರಜೆ ಮುಗಿಯೋಕೆ ಇನ್ನೂ ಕೆಲವೇ ದಿನ ಇತ್ತು.

ಈಗ ಇವರು ಅದೇ ಸಂಬಳದಲ್ಲಿ ಆಫೀಸ್ ಕೆಲಸ ಮಾಡ್ತಿದ್ದಾರೆ. ಮಕ್ಕಳನ್ನ ಬಿಟ್ಟು ಬಂದ ಬೇಜಾರು ಇದೆ, ಇಲ್ಲ ಅಂತ ಹೇಳೋದಿಲ್ಲ. ಆದ್ರೆ ಬೆಳಿಗ್ಗೆ ಶರ್ಟ್ ಹಾಕ್ಕೊಂಡು ಹೊರಡ್ತಾರೆ. ಬಟನ್ ನಾನು ಹಾಕ್ತೆ. ಮುಂದೆ ಆಫೀಸ್ ಕೆಲಸವೂ ಆಗದ ದಿನ ಬಂದ್ರೆ ಮೆಡಿಕಲ್ ಬೋರ್ಡಿಗೆ ಹೋಗೋಕೆ ಬೇಕಾದ ಕಾಗದ ಎಲ್ಲಾ ಒಂದು ಫೈಲಲ್ಲಿ ಇಟ್ಟಿದ್ದೇನೆ. ಸರ್ವಿಸ್ ಪುಸ್ತಕದಲ್ಲಿ ವರ್ಷವಾರು ಸೇವಾ ಪರಿಶೀಲನೆ ಸಹಿ ಎರಡು ಕಡೆ ಬಿಟ್ಟುಹೋಗಿತ್ತು, ಅದನ್ನೂ ಈಗಲೇ ಹಾಕಿಸಿದ್ವಿ, ಇಲ್ದಿದ್ರೆ ಪೆನ್ಶನ್ ಮಂಜೂರಿಗೆ ಬೆಂಗಳೂರಿನ ಎಜಿ (ಅಕೌಂಟೆಂಟ್ ಜನರಲ್) ಆಫೀಸಿಗೆ ಹೋದ ಫೈಲು ವಾಪಸ್ ಬರತ್ತಂತೆ. ಹಳೇ ಪದ್ಧತಿಯಲ್ಲಿ ಟ್ಯಾಕ್ಸ್ ಕಟ್ಟೋರಾದ್ರೆ ಪಾರ್ಕಿನ್ಸನ್ ಚಿಕಿತ್ಸೆ ಖರ್ಚಿಗೆ ಆದಾಯದಲ್ಲಿ 40,000 ತನಕ ಕಳೆಯೋಕೆ ಬರತ್ತೆ, 40 ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರಬೇಕು, ಇದೂ ಅವರೇ ಹೇಳಿದ್ದು.

ಎಲ್ಲಾ ಸೇರಿ ಅವರು ತಗೊಂಡಿದ್ದು 600 ರೂಪಾಯಿ, ಜೆರಾಕ್ಸ್ ಬೇರೆ. ಹೋಗುವಾಗ ಸರ್ವಿಸ್ ಪುಸ್ತಕದ ನಕಲು, ರಜೆ ಲೆಕ್ಕದ ಹಾಳೆ, ಸೇರಿದ ಆದೇಶ, ಡಾಕ್ಟರ್ ರಿಪೋರ್ಟು ಮೊದಲನೇದರಿಂದ ಹಿಡಿದು ಎಲ್ಲಾ ತಗೊಂಡು ಹೋಗಿ. ಬರೆದಿಟ್ಟ ರಾಜೀನಾಮೆ ಇದ್ರೆ ಅದನ್ನೂ ತಗೊಂಡು ಹೋಗಿ, ಅವರ ಕೈಗೆ ಕೊಡಿ, ಬೇರೆ ಯಾರ ಕೈಗೂ ಬೇಡ. ಮೆಟ್ಟಿಲು ಹತ್ತೋಕೆ ಆಗದವರು ಕೆಳಗೇ ನಿಂತು ಕೂಗಿ, ಇವರಿಗೂ ಹಾಗೇ ಆಗಿತ್ತು, ಹೆಡ್‌ಕ್ಲಾರ್ಕೇ ಪ್ಯಾಡು, ಪೆನ್ನು ಹಿಡ್ಕೊಂಡು ಇಳಿದು ಬಂದು ರಿಕ್ಷಾದಲ್ಲಿ ಪಕ್ಕ ಕೂತು ಸಹಿ ಹಾಕಿಸ್ಕೊಂಡ್ರು.